ಲೈಸೆನ್ಸುದಾರಳು ಪಕೀರಮ್ಮ ಕಾಂಬೋಡಿಯ ಕಂಡದ್ದು

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿಗಳು ಎಷ್ಟು ಒತ್ತೊತ್ತಾಗಿವೆಯೆಂದರೆ, ದಾರಿ ತಪ್ಪಿ ಬಂದ ಹುಳ ವಾಸನೆಗೇ ಸತ್ತು ಬೀಳಬೇಕು. ಅವುಗಳಲ್ಲಿ ಒಂದರ ಹೆಸರು ಪಿ.ಪಿ. ಆಗ್ರೋ ಟ್ರೇಡರ್ಸ್. ಪಿ.ಪಿ. ಅಂದರೆ ಪಂಪಾಪತಿ ಎಂದು ಊರು ತಿಳಿದಿತ್ತು. ಖರೇ ನೋಡಿದರೆ ಮೊದಲಿನ ಪಿ ಪಕೀರಮ್ಮನದು, ಯಾಕೆಂದರೆ ಲೈಸೆನ್ಸು ಇದ್ದದ್ದು ಅವಳ ಹೆಸರಿನಲ್ಲಿ. ಅವಳ ಗಂಡ ಪಂಪಾಪತಿ ಸರಕಾರಿ ಶಾಲೆಯ ಮಾಸ್ತರು. ಸರಕಾರದ ಸಂಬಳ ತೆಗೆದುಕೊಳ್ಳುವವರು ವ್ಯಾಪಾರ ಮಾಡಬಾರದು ಎಂಬ ಕಾನೂನನ್ನು ಅವರು ಬಹಳ ನಿಷ್ಠೆಯಿಂದ ಪಾಲಿಸಿದ್ದರು. ವ್ಯಾಪಾರ ಹೆಂಡತಿಯದು, ಅವರು ಶಾಲೆಯ ಹೊತ್ತು ಮುಗಿದ ಮೇಲೆ ಬರೀ ಗಲ್ಲಾದ ಹಿಂದೆ ಕೂತಿರುತ್ತಿದ್ದರು, ಅಷ್ಟೆ.

ಹದಿನಾಲ್ಕು ವರ್ಷಗಳಲ್ಲಿ ಮಾಲಕಳು ತನ್ನ ಅಂಗಡಿಗೆ ಕಾಲಿಟ್ಟದ್ದು ಹದಿನಾಲ್ಕು ಸಲ, ದೀಪಾವಳಿಯ ಪೂಜೆಗೆ. ಉಳಿದ ದಿನ ಕಾಗದಗಳೇ ಅವಳಿದ್ದಲ್ಲಿಗೆ ಬರುತ್ತಿದ್ದವು. ಅವಳು ರೊಟ್ಟಿ ಬಡಿಯುವ ಹೊತ್ತಿಗೆ ಮಾಸ್ತರು ಬಂದು ಪೆನ್ಸಿಲಿನಿಂದ ಗುರುತು ಹಾಕಿದ ಜಾಗ ತೋರಿಸುವರು. ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಸಹಿ ಹಾಕುವಳು. ಒಮ್ಮೆ ಮಾತ್ರ ಕೇಳಿದ್ದಳು, "ಇದು ಯಾತರ ಕಾಗದರೀ?"

"ನಿನ್ನ ಅಂಗಡಿ ಕಾಗದ. ನಿನಗ್ಯಾಕ ಬೇಕು ಅದು?" ಎಂದಿದ್ದರು ಮಾಸ್ತರು.

ಆಮೇಲೆ ಸರಕಾರ ಇನ್ನೊಂದು ಕಿರಿಕಿರಿ ತಂದಿತು. ಔಷಧಿ ಮಾರುವ ಲೈಸೆನ್ಸುದಾರರು ಒಂದು ಡಿಪ್ಲೊಮಾ ಮಾಡಬೇಕು, ಇಲ್ಲದಿದ್ದರೆ ಅಂಗಡಿ ಮುಚ್ಚಬೇಕು. ಪ್ರತಿ ಭಾನುವಾರ ಕ್ಲಾಸು, ಅಂಥವು ನಲವತ್ತೆಂಟು. ಗೊರೇಬಾಳದ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ, ಆ ಅಂಕಪಟ್ಟಿಯನ್ನು ಮದುವೆಯ ಟ್ರಂಕಿನ ತಳಕ್ಕೆ ಹಾಕಿ ಬಂದಿದ್ದ ಪಕೀರಮ್ಮ ಮತ್ತೆ ಬೆಂಚಿನ ಮೇಲೆ ಕೂತಳು. "ಹೋಗಿ ಕುಂತು ಬಾ, ಅವರು ಹೇಳಿದ್ದಕ್ಕ ಗೋಣು ಹಾಕು, ಸಾಕು" ಎಂದು ಮಾಸ್ತರು ಕಳಿಸಿದ್ದರು. ಅವಳು ಗೋಣು ಹಾಕುವುದರ ಜೊತೆಗೆ ಬರೆದುಕೊಂಡೂ ಬಂದಳು. ಯಾವ ಹುಳ ಎಲೆ ತಿನ್ನುತ್ತದೆ, ಯಾವುದು ಕಾಂಡ ಕೊರೆಯುತ್ತದೆ, ಯಾವುದು ಬೆಳೆಗೆ ಒಳ್ಳೆಯದು ಮಾಡಿ ಸುಮ್ಮನೆ ಔಷಧಿಗೆ ಸಾಯುತ್ತದೆ, ಎಲ್ಲ. ಇಡೀ ತಂಡಕ್ಕೆ ಎರಡನೆಯವಳಾಗಿ ಪಾಸಾದಳು. ಮಾಸ್ತರು ಹೆಮ್ಮೆಯಿಂದ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ಗಣಪತಿಯ ಫೋಟೋದ ಕೆಳಗೆ ತೂಗುಹಾಕಿದರು. ಗಣಪತಿಯ ಹಾರ ಇಳಿಬಿದ್ದು ಅವಳ ಹೆಸರು ಮುಚ್ಚುತ್ತಿತ್ತು, ಮೊಹರು ಮಾತ್ರ ಕಾಣುತ್ತಿತ್ತು. ಇನ್‌ಸ್ಪೆಕ್ಟರಿಗೆ ಬೇಕಾದದ್ದೂ ಮೊಹರೇ.

ನಮ್ಮ ಸೀಮೆಯ ಔಷಧಿ ವ್ಯಾಪಾರಿಗಳಿಗೆ ಬ್ಯಾಂಕಾಕ್ ಎಂಬುದು ಊರಲ್ಲ, ಪದವಿ. ಕಂಪನಿ ಹೇಳಿದಷ್ಟು ಮಾಲು ಮಾರಿದವರನ್ನು ಕಂಪನಿಯೇ ವಿಮಾನದಲ್ಲಿ ಕರೆದುಕೊಂಡು ಹೋಗುತ್ತದೆ. ಹೋಗಿಬಂದವರು ಒಂದು ವರ್ಷ ಅದರ ಬಗ್ಗೆ ಮುಗುಳುನಗುತ್ತಾರೆ, ವಿವರ ಹೇಳುವುದಿಲ್ಲ. ಪಂಪಾಪತಿ ಮಾಸ್ತರಿಗೆ ಆ ಭಾಗ್ಯ ಪ್ರತಿ ವರ್ಷ ಸ್ವಲ್ಪದರಲ್ಲಿ ತಪ್ಪುತ್ತಿತ್ತು. ಹೋದ ವರ್ಷ ದೇವರು ಕಣ್ಣು ಬಿಟ್ಟ. ಕಾಲುವೆ ಕೆಳಗಿನ ಭತ್ತಕ್ಕೆ ಕಂದು ಜಿಗಿಹುಳ ಬಿದ್ದು ಗದ್ದೆಗಳು ಸುಟ್ಟಂತೆ ಒಣಗಿದವು, ಮಾಸ್ತರ ಟಾರ್ಗೆಟ್ ತುಂಬಿತು.

ಮರುದಿನವೇ ಅಂಗಡಿಯ ಮುಂದೆ ಬ್ಯಾನರ್ ಬಂತು. 'ವಿದೇಶ ಪ್ರವಾಸಕ್ಕೆ ಹೊರಟಿರುವ ನಮ್ಮ ನೆಚ್ಚಿನ ಪಂಪಾಪತಿ ಗುರುಗಳಿಗೆ ಹಾರ್ದಿಕ ಶುಭಾಶಯಗಳು. ಗೆಳೆಯರ ಬಳಗ.' ಕರಿ ಕನ್ನಡಕ ಹಾಕಿದ ಮಾಸ್ತರ ತಲೆಯ ಹಿಂದಿನಿಂದ ವಿಮಾನವೊಂದು ಮೇಲೇಳುತ್ತಿತ್ತು. ಗೆಳೆಯರ ಬಳಗದಲ್ಲಿ ಎಷ್ಟು ಮಂದಿ ಇದ್ದರೆಂದು ಮಾಸ್ತರಿಗೇ ಗೊತ್ತು, ಯಾಕೆಂದರೆ ಬ್ಯಾನರ್ ಬರೆಸಿದವರು ಅವರೇ.

ವಾರದ ನಂತರ ಕಂಪನಿಯ ಆಫೀಸರ್ ಶರಣಬಸವ ಬಂದ. ಸದಾ ಟೈ ಕಟ್ಟಿ, ಸದಾ ಬೆವರುವ ಮನುಷ್ಯ. ಬ್ಯಾನರನ್ನು ಒಮ್ಮೆ, ಮಾಸ್ತರನ್ನು ಒಮ್ಮೆ ನೋಡಿ ಕುರ್ಚಿ ಎಳೆದುಕೊಂಡ.

"ಸರ, ಈ ಸಲ ಬ್ಯಾಂಕಾಕ್ ಇಲ್ರಿ. ಕಾಂಬೋಡಿಯ."

"ಅದು ಬ್ಯಾಂಕಾಕ್‌ನಾಗ ಎಲ್ಲಿ ಬರತೈತಿ?"

"ಅದು ಬ್ಯಾರೆ ದೇಶಾರಿ. ಮುಂಬೈ ಆಫೀಸಿಗೆ ಹೊಸ ಮೇಡಂ ಬಂದಾರ. ಹ್ವಾದ ವರ್ಷ ಬ್ಯಾಂಕಾಕ್‌ನಾಗ ನಮ್ಮ ಮಂದಿ ಏನ್ ಮಾಡ್ಯಾರ ಅಂತ ಅವರಿಗೆ ಗೊತ್ತಾಗೈತಿ. ಅದಕ್ಕ ಈ ಸಲ ಸಂಸ್ಕೃತಿ, ಇತಿಹಾಸ, ಪ್ರಕೃತಿ ಸೌಂದರ್ಯ ಅಂದಾರ."

ಮಾಸ್ತರು ಸ್ವಲ್ಪ ಹೊತ್ತು ಮೂರನ್ನೂ ಮನಸ್ಸಿನಲ್ಲೇ ತೂಗಿ ನೋಡಿದರು. "ಆತು, ವಿದೇಶ ವಿದೇಶಾನ" ಎಂದರು.

"ಇನ್ನೊಂದು ಐತ್ರಿ ಸರ" ಎಂದು ಶರಣಬಸವ ಬೆವರು ಒರೆಸಿಕೊಂಡ. "ಲೈಸೆನ್ಸ್ ಯಾರ ಹೆಸರಿಲೆ ಐತಿ ಟಿಕೀಟು ಅವರಿಗೇ. ಬದಲಿ ಮಂದಿ ನಡೆಯಂಗಿಲ್ಲ. ಬರಂಗಿಲ್ಲ ಅಂದ್ರ ಸೀಟು ಎದುರಿನ ಅಂಗಡಿಯವರಿಗೆ ಹೋಗತೈತಿ."

ಅವತ್ತು ಮನೆಯಲ್ಲಿ ಮಾಸ್ತರು ಊಟ ಮಾಡಲಿಲ್ಲ. ಪಕೀರಮ್ಮ ಮೆಂತ್ಯಸೊಪ್ಪು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಸರಕಾರ, ಕಂಪನಿ, ಮುಂಬೈಯ ಮೇಡಂ, ಲೈಸೆನ್ಸು, ಕೊನೆಗೆ ಅವಳ ಹೆಸರು, ಎಲ್ಲರನ್ನೂ ಅವರು ಸರದಿಯಂತೆ ಬೈದು ಮುಗಿಸಿದರು.

"ಬಿಟ್ಟಬಿಡ್ರಿ ಹಂಗಾರ" ಎಂದಳು ಅವಳು.

"ಎದುರಿನವ ಹೋಗಲೇನು? ನಾ ಈ ರಸ್ತ್ಯಾಗ ಮುಖ ಎತ್ತಿ ತಿರಗಬ್ಯಾಡೇನು?"

"ಮತ್ತ ನಾ ಹೋಗಲೇನು?"

ಹಾಗೆ ಕೇಳುವಾಗ ಅವಳ ಕೈ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿತ್ತು. ಮಾಸ್ತರು ಅದನ್ನು ಗಮನಿಸಲಿಲ್ಲ. "ನೀ ಅಲ್ಲಿ ಏನ್ ಮಾಡ್ತಿ?" ಎಂದರು. ನಾನು ಹೋಗಿದ್ದರೆ ಅಲ್ಲಿ ಏನು ಮಾಡುತ್ತಿದ್ದೆ ಎಂದು ತಮ್ಮನ್ನೇ ಕೇಳಿಕೊಳ್ಳುವ ಅಪಾಯ ಅವರಿಗೆ ಹೊಳೆದಿರಬೇಕು, ಮಾತು ಅಲ್ಲಿಗೆ ನಿಲ್ಲಿಸಿದರು. ಎರಡು ದಿನ ಬಿಟ್ಟು ಪಾಸ್‌ಪೋರ್ಟಿನ ಅರ್ಜಿ ತಂದರು, ಪೆನ್ಸಿಲಿನ ಗುರುತು ಸಮೇತ.

ಬ್ಯಾನರನ್ನು ತೆಗೆಯಲು ಮನಸ್ಸು ಬರಲಿಲ್ಲ. ಮಾಸ್ತರ ಫೋಟೋದ ಪಕ್ಕ ಹೆಂಡತಿಯದನ್ನೂ ಅಂಟಿಸಿದರು. ಮನೆಯಲ್ಲಿ ಅವಳೊಬ್ಬಳದೇ ಫೋಟೋ ಇದ್ದದ್ದು ಆಧಾರ್ ಕಾರ್ಡಿನಲ್ಲಿ ಮಾತ್ರ. ಅದನ್ನು ಆಳೆತ್ತರಕ್ಕೆ ಹಿಗ್ಗಿಸಿದ್ದರಿಂದ ಪಕೀರಮ್ಮ ಪ್ರವಾಸಕ್ಕೆ ಹೊರಟವಳಂತೆ ಕಾಣದೆ ಪೊಲೀಸರು ಹುಡುಕುತ್ತಿರುವವಳಂತೆ ಕಂಡಳು.

ಜೂನ್ ತಿಂಗಳ ಕೊನೆ. ಕಾಲುವೆಗೆ ನೀರು ಬಿಡಲು ಇನ್ನೂ ಮೂರು ವಾರ. ವ್ಯಾಪಾರಿಗಳಿಗೆ ಅದೇ ಪುರುಸೊತ್ತಿನ ಕಾಲ. ಮೂವತ್ತೆರಡು ಮಂದಿಯ ತಂಡ, ಅದರಲ್ಲಿ ಹೆಂಗಸರು ಇಬ್ಬರು. ಇನ್ನೊಬ್ಬಳು ಲಿಂಗಸುಗೂರಿನ ನಜಮಾ, ಮೂವತ್ತೈದರ ಹುಡುಗಿ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ಆರು ವರ್ಷದಿಂದ ತಾನೇ ನಡೆಸುವವಳು. ಇಬ್ಬರನ್ನೂ ಒಂದೇ ಕೋಣೆಗೆ ಹಾಕಿದ್ದರು.

"ಅಕ್ಕಾರ, ನಿಮ್ಮ ಅಂಗಡ್ಯಾಗ ಹೆಚ್ಚಿಗಿ ಯಾವ ಮಾಲು ಹೋಗತೈತ್ರಿ?" ಎಂದು ನಜಮಾ ಮೊದಲ ದಿನವೇ ಕೇಳಿದಳು.

"ನನಗೇನ್ ಗೊತ್ತವ್ವ? ನಾ ಬರೀ ಮಾಲಕಳು" ಎಂದಳು ಪಕೀರಮ್ಮ.

ತಂಡದ ಮುಖಂಡನಾಗಿ ತನ್ನನ್ನು ತಾನೇ ನೇಮಿಸಿಕೊಂಡವನು ಮಸ್ಕಿಯ ಹಂಪಣ್ಣ. ಬ್ಯಾಂಕಾಕಿಗೆ ಎರಡು ಸಲ ಹೋಗಿಬಂದವನು. ವಿದೇಶದಲ್ಲಿ ಯಾರೂ ಪ್ಯಾಂಟ್ ಹಾಕುವುದಿಲ್ಲ, ಮೊಳಕಾಲಿನ ಚಡ್ಡಿಯೇ ಅಲ್ಲಿಯ ಪದ್ಧತಿ ಎಂದು ಅವನು ಮೊದಲೇ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದ. ಹೀಗಾಗಿ ರಾಯಚೂರು ಜಿಲ್ಲೆಯ ಮರ್ಯಾದಸ್ಥ ವ್ಯಾಪಾರಿಗಳ ಮೊಳಕಾಲುಗಳನ್ನು ಅವರ ಹೆಂಡಿರಿಗಿಂತ ಹೆಚ್ಚಾಗಿ ಪಕೀರಮ್ಮ ಆ ವಾರ ನೋಡಬೇಕಾಯಿತು.

ವಿಮಾನ ಬದಲಿಸುವುದಕ್ಕೆ ಬ್ಯಾಂಕಾಕಿನಲ್ಲೇ ನಾಲ್ಕು ತಾಸು ನಿಲ್ಲಬೇಕಿತ್ತು. ಹೊರಗೆ ಹೋಗಲು ಅಪ್ಪಣೆ ಇರಲಿಲ್ಲ. ಮೂವತ್ತು ಗಂಡಸರು ವಿಮಾನ ನಿಲ್ದಾಣದ ಗಾಜಿಗೆ ಹಣೆ ಹಚ್ಚಿ ನಿಂತರು. ಆಚೆ ಕಾಣುತ್ತಿದ್ದದ್ದು ಡಾಂಬರು, ಸಾಮಾನಿನ ಗಾಡಿಗಳು ಮತ್ತು ಮಳೆ. ಹಂಪಣ್ಣ ಒಂದು ದಿಕ್ಕಿಗೆ ಬೆರಳು ತೋರಿಸಿ, "ಊರು ಆ ಕಡೆ ಐತಿ" ಎಂದ. ಎಲ್ಲರೂ ಆ ಕಡೆ ನೋಡಿದರು. ಪಕೀರಮ್ಮ ಬುತ್ತಿ ಬಿಚ್ಚಿ ನಜಮಾಳಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ ಕೊಟ್ಟಳು. ಹಳ್ಳಿಯವರಂಗ ಇಲ್ಲೆಲ್ಲ ಗಂಟು ಬಿಚ್ಚಬಾರದು ಎಂದು ಹಂಪಣ್ಣ ಬುದ್ಧಿ ಹೇಳಿದ. ಮೂರನೆಯ ತಾಸಿಗೆ ಅವನೇ ಬಂದು ಕೈ ಚಾಚಿದ.

ಕಾಂಬೋಡಿಯದಲ್ಲಿ ಅವರನ್ನು ಎದುರುಗೊಂಡ ಗೈಡಿನ ಹೆಸರು ವನ್ನಾ. ನಲವತ್ತರ ಆಸುಪಾಸು, ತೆಳ್ಳಗಿನ ಆಳು. ಬರುವ ಪ್ರವಾಸಿಗರಿಂದಲೇ ಹಿಂದಿ ಕಲಿತವನು. ಅವನು ಹೇಳಿದ್ದನ್ನು ನಜಮಾ ಪಕೀರಮ್ಮನಿಗೆ ಬಿಡಿಸಿ ಹೇಳುತ್ತಿದ್ದಳು. ಬಸ್ಸಿನಲ್ಲಿ ವನ್ನಾ ಒಬ್ಬೊಬ್ಬರ ಊರು ಕೇಳುತ್ತ ಬಂದ. ಹಂಪಣ್ಣ "ಮಸ್ಕಿ" ಎಂದ. ವನ್ನಾನಿಗೆ ಗೊತ್ತಾಗಲಿಲ್ಲ. ಅಶೋಕ ಬರೆಸಿದ ಕಲ್ಲಿರುವ ಊರು ಎಂದು ನಜಮಾ ಸೇರಿಸಿದಳು.

ವನ್ನಾ ನಡೆಯುವ ಬಸ್ಸಿನಲ್ಲೇ ಎರಡೂ ಕೈ ಜೋಡಿಸಿದ. ಅಶೋಕರಾಜ ಭಿಕ್ಷುಗಳನ್ನು ಸಮುದ್ರ ದಾಟಿಸಿ ಈ ಕಡೆಗೆ ಕಳಿಸಿದ ಕಥೆಯನ್ನು ತಾನು ಸಣ್ಣವನಿದ್ದಾಗ ವಿಹಾರದಲ್ಲಿ ಕಲಿತಿದ್ದೇನೆ ಎಂದ. "ನಿಮ್ಮೂರ ಕಲ್ಲಿನ ಮೇಲೆ ಏನು ಬರೆದಿದೆ?" ಎಂದು ಹಂಪಣ್ಣನನ್ನು ಭಕ್ತಿಯಿಂದ ಕೇಳಿದ.

"ಅದಕ್ಕ ಗೇಟ್ ಹಾಕ್ಯಾರ. ಕೀಲಿ ಐತಿ" ಎಂದ ಹಂಪಣ್ಣ.

ಐವತ್ತು ವರ್ಷದಿಂದ ಅವನ ವಾಸ ಮಸ್ಕಿಯಲ್ಲೇ. ಆ ಕೀಲಿ ಯಾರ ಹತ್ತಿರ ಇದೆ ಎಂದು ವಿಚಾರಿಸುವಷ್ಟು ಅವಸರ ಈ ಐವತ್ತು ವರ್ಷದಲ್ಲಿ ಅವನಿಗೆ ಬಂದಿರಲಿಲ್ಲ. ಈಗ ಇತಿಹಾಸ ನೋಡಲು ಎರಡು ವಿಮಾನ ಹತ್ತಿ ಬಂದಿದ್ದ.

ಅಂಕೋರ್ ವಾಟ್ ಎಂಬ ಆ ಗುಡಿಯ ದೊಡ್ಡಸ್ತಿಕೆಯನ್ನು ನೋಡಿ ಗಂಡಸರು ಹತ್ತು ನಿಮಿಷ ಬೆರಗಾದರು. ಹನ್ನೊಂದನೆಯ ನಿಮಿಷಕ್ಕೆ ಫೋಟೋ ಶುರುವಾಯಿತು. ಗೋಡೆಯುದ್ದಕ್ಕೂ, ನಮ್ಮ ಬಸ್‌ಸ್ಟ್ಯಾಂಡಿಗಿಂತ ಉದ್ದದ ಪಡಸಾಲೆಯ ತುಂಬ, ಕಲ್ಲಿನಲ್ಲಿ ಕೆತ್ತಿದ ಒಂದೇ ಯುದ್ಧ. ರಥ, ಆನೆ, ಬಿಲ್ಲು, ಒಬ್ಬರ ಮೇಲೊಬ್ಬರು ಬಿದ್ದ ಆಳುಗಳು. ಹಂಪಣ್ಣ ಒಂದು ಆನೆಯ ಮುಂದೆ ಎರಡು ಬೆರಳು ಎತ್ತಿ ನಿಂತು ಫೋಟೋ ತೆಗೆಸಿಕೊಂಡು ಮುಂದೆ ಹೋದ. ಉಳಿದವರೂ ಅದೇ ಆನೆಗೆ ಸಾಲುಹಚ್ಚಿದರು.

ಪಕೀರಮ್ಮ ನಡೆಯುತ್ತ ಬಂದವಳು ಒಂದು ಕಡೆ ನಿಂತಳು. ಒಬ್ಬ ಮುದುಕ ಬಾಣಗಳ ಮೇಲೆ ಮಲಗಿದ್ದ. ಸುತ್ತ ಕೈಜೋಡಿಸಿ ಕೂತ ರಾಜರು.

"ಭೀಷ್ಮಾಚಾರಿ" ಎಂದಳು.

ವನ್ನಾ ತಿರುಗಿ ನೋಡಿದ. ಅವನು ಅದೇ ಹೆಸರನ್ನು ಹೇಳಲು ಬಾಯಿ ತೆರೆದಿದ್ದ.

ಪಕೀರಮ್ಮನ ಅಪ್ಪ ಗೊರೇಬಾಳದ ದೊಡ್ಡಾಟದಲ್ಲಿ ಇಪ್ಪತ್ತು ವರ್ಷ ಭೀಷ್ಮನಾಗಿ ಬಿದ್ದವನು. ಜೋಳದ ದಂಟು ಹೊಂದಿಸಿ ಶರಶಯ್ಯೆ ಮಾಡುತ್ತಿದ್ದರು. ಭಾಗವತರು ಪದ ಎಳೆಯುವಷ್ಟು ಹೊತ್ತು ಅವನು ಅದರ ಮೇಲೆ ಅಲ್ಲಾಡದೆ ಮಲಗಬೇಕು. ದಂಟು ಬೆನ್ನಿಗೆ ಚುಚ್ಚುತ್ತದೆಂದು ಹೆಂಡತಿಯ ಹಳೆಯ ಸೀರೆಯನ್ನು ಅಂಗಿಯೊಳಗೆ ಮಡಿಸಿ ಇಟ್ಟುಕೊಳ್ಳುತ್ತಿದ್ದ. ಇಷ್ಟನ್ನು ಅವಳು ಹೇಳಿದಳು, ನಜಮಾ ವನ್ನಾನಿಗೆ ದಾಟಿಸಿದಳು. ವನ್ನಾ ಜೋರಾಗಿ ನಕ್ಕು, ಆಮೇಲೆ ಮೆಲ್ಲಗೆ ಹೇಳಿದ: ಅವನ ಅಜ್ಜನೂ ಆಟದವನೇ, ರಾವಣನ ವೇಷದವನು. ದೇಶದಲ್ಲಿ ಕೆಟ್ಟ ಕಾಲ ಬಂದಾಗ ಓದಿದವರನ್ನು, ಕುಣಿಯುವವರನ್ನು ಹುಡುಕಿ ಕೊಂದರು. ಅಜ್ಜನ ಕಿರೀಟವನ್ನು ಅಜ್ಜಿ ಒಲೆಗೆ ಹಾಕಿ ಸುಟ್ಟಳು, ಯಾರೂ ನೋಡಬಾರದೆಂದು. ಆದರೂ ಅಜ್ಜ ಉಳಿಯಲಿಲ್ಲ.

ಪಕೀರಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು, ಕಲ್ಲಿನ ಮುದುಕನ ಪಾದವನ್ನು ಮುಟ್ಟಬಾರದೆಂದು ಬೋರ್ಡು ಇದ್ದುದರಿಂದ, ದೂರದಿಂದಲೇ ಕೈಮುಗಿದಳು. ಅಲ್ಲಿಂದ ಹದಿನೈದು ಹೆಜ್ಜೆ ಆಚೆ ಶರಣಬಸವ ಚಪ್ಪಾಳೆ ತಟ್ಟಿ, "ಜಲ್ದಿ ಬರ್ರಿ, ಕಂಪನಿ ಬ್ಯಾನರ್ ಹಿಡಕೊಂಡು ಗ್ರೂಪ್ ಫೋಟೋ ಐತಿ" ಎಂದು ಕೂಗುತ್ತಿದ್ದ.

ಗುಡಿಯ ತುದಿಯ ಗೋಪುರಕ್ಕೆ ಕಡಿದಾದ ಮೆಟ್ಟಿಲು. ಕೆಳಗೆ ನಿಂತ ಕಾವಲುಗಾರ ಹಂಪಣ್ಣನ ಮುಖ ನೋಡಲಿಲ್ಲ, ಮೊಳಕಾಲು ನೋಡಿದ. ದೇವರ ಜಾಗ, ಮೈ ಮುಚ್ಚಿರಬೇಕು ಎಂದು ಕೈಸನ್ನೆ ಮಾಡಿದ. ಹಂಪಣ್ಣ ತಾನು ಬ್ಯಾಂಕಾಕಿಗೆ ಎರಡು ಸಲ ಹೋದದ್ದನ್ನು ಹೇಳಿ ನೋಡಿದ. ಅದು ಅಲ್ಲಿ ನಡೆಯಲಿಲ್ಲ. ಮೂವತ್ತು ಗಂಡಸರಲ್ಲಿ ಇಪ್ಪತ್ತೊಂದು ಮಂದಿ ಹೊರಗೇ ಉಳಿದರು. ಇಳಕಲ್ ಸೀರೆ ಉಟ್ಟ ಪಕೀರಮ್ಮನಿಗೆ ಕಾವಲುಗಾರ ಬಗ್ಗಿ ದಾರಿ ಬಿಟ್ಟ. ನೆರಿಗೆ ಎತ್ತಿ ಹಿಡಿದು, ಉಸಿರು ಕಟ್ಟುತ್ತ, ಅವಳು ನಜಮಾಳ ಹಿಂದೆ ಹತ್ತಿದಳು. ಮೇಲಿನಿಂದ ನೋಡಿದರೆ ದಿಕ್ಕು ತಿಳಿಯದಷ್ಟು ಕಾಡು, ಅದರಾಚೆ ನೀರು ನಿಂತ ಗದ್ದೆಗಳು. ಕೆಳಗೆ ಹೊರಗಿನ ಅಂಗಳದಲ್ಲಿ ನಮ್ಮ ವ್ಯಾಪಾರಿಗಳು ಅಂಗಡಿಯೊಂದನ್ನು ಮುತ್ತಿ ಆನೆ ಚಿತ್ರದ ಪಾಯಿಜಾಮ ಕೊಳ್ಳುತ್ತಿದ್ದರು. ಅವರು ಹಾಕಿಕೊಂಡು ಬರುವ ಹೊತ್ತಿಗೆ ಮೇಲೆ ಬಿಡುವ ವೇಳೆ ಮುಗಿದಿತ್ತು. ಉಳಿದ ಮೂರು ದಿನ ರಾಯಚೂರು ಜಿಲ್ಲೆಯ ತಂಡ ಕಾಂಬೋಡಿಯದಲ್ಲಿ ಆನೆಗಳ ಹಿಂಡಿನಂತೆ ತಿರುಗಿತು.

ಮರುದಿನದ ಕಾರ್ಯಕ್ರಮ ಪ್ರಕೃತಿ ಸೌಂದರ್ಯ. ಕುಲೇನ್ ಎಂಬ ಗುಡ್ಡ. ಮೇಲೆ ಹೊಳೆಯ ತಳದ ಬಂಡೆಯಲ್ಲಿ ಸಾವಿರ ಲಿಂಗಗಳನ್ನು ಕೆತ್ತಿದ್ದಾರೆ. ಮೊಳಕಾಲುದ್ದ ತಿಳಿನೀರು ಅವುಗಳ ಮೇಲೆ ಹರಿಯುತ್ತದೆ. ಲಿಂಗ ಮುಟ್ಟಿದ ನೀರು ಕೆಳಗಿನ ಗದ್ದೆಗಳಿಗೆ ಹೋದರೆ ಬೆಳೆ ಪವಿತ್ರವಾಗುತ್ತದೆಂದು ಹಳೆಯ ರಾಜರು ಮಾಡಿಸಿದ್ದು ಎಂದ ವನ್ನಾ. ಗಂಡಸರು ಅದನ್ನು ಕೇಳುವಷ್ಟು ಹೊತ್ತು ನಿಲ್ಲಲಿಲ್ಲ. ಕೆಳಗೆ ಜಲಪಾತವಿತ್ತು. ಅದರಡಿ ನಿಂತು, ಹೊಟ್ಟೆ ಒಳಗೆಳೆದುಕೊಂಡು, ಒಬ್ಬರದೊಬ್ಬರು ರೀಲ್ಸ್ ಮಾಡಿದರು.

"ರಾಜರು ಶ್ಯಾಣ್ಯಾರಿದ್ರು" ಎಂದಳು ಪಕೀರಮ್ಮ, ನೀರಿನಲ್ಲಿ ಕಾಲು ಇಳಿಬಿಟ್ಟು. "ನಮ್ಮಲ್ಲಿ ಮ್ಯಾಲಿನವರೇ ಕಾಲಿವಿ ನೀರು ಮುಗಿಸಿಬಿಡ್ತಾರ. ಅಲ್ಲಿ ಹಿಂಗ ಕೆತ್ತಿದ್ರ ಕೆಳಗಿನವರಿಗೆ ಬರೀ ಲಿಂಗ ಉಳಿತಿತ್ತು."

ಹಿಂದಿರುಗುವಾಗ ಬಸ್ಸಿನ ಗಾಲಿಯ ಗಾಳಿ ಹೋಯಿತು. ರಸ್ತೆಯ ಎರಡೂ ಕಡೆ ಗದ್ದೆ. ಗಂಡಸರು ನೆರಳು ಹುಡುಕಿ ಫೋನ್ ಹಿಡಿದು ಕೂತರು. ಪಕೀರಮ್ಮ ಚಪ್ಪಲಿ ಬಿಟ್ಟು ಬದುವಿನ ಮೇಲೆ ಹೊರಟಳು. ಆರೇಳು ಹೆಂಗಸರು ಬಗ್ಗಿ ಸಸಿ ಹಚ್ಚುತ್ತಿದ್ದರು. ಅವಳಿಗೆ ಸುಮ್ಮನೆ ನೋಡುತ್ತ ನಿಲ್ಲುವುದಾಗಲಿಲ್ಲ. ಮದುವೆಗೆ ಮುಂಚೆ ಗೊರೇಬಾಳದಲ್ಲಿ ಆರು ಹಂಗಾಮು ನಾಟಿ ಮಾಡಿದ ಕೈ ಅದು. ಸೀರೆ ಎತ್ತಿ ಸಿಕ್ಕಿಸಿ ಕೆಸರಿಗಿಳಿದು, ಒಬ್ಬಳ ಕೈಯಿಂದ ಒಂದು ಹಿಡಿ ಸಸಿ ಕೇಳಿ ತೆಗೆದುಕೊಂಡಳು. ಮೊದಲು ಅವರು ನಕ್ಕರು. ಒಂದು ಸಾಲು ಮುಗಿಯುವಷ್ಟರಲ್ಲಿ ನಗು ನಿಂತಿತು. ಇವಳ ಬೆರಳು ಅವರಿಗಿಂತ ನಿಧಾನವಿರಲಿಲ್ಲ.

ಪಕ್ಕದ ಗದ್ದೆಗೆ ಮೊದಲೇ ನಾಟಿಯಾಗಿತ್ತು. ಅಲ್ಲಲ್ಲಿ ನಡುವಿನ ಎಲೆ ಒಣಗಿ ಹಳದಿಯಾಗಿತ್ತು. ಪಕೀರಮ್ಮ ಒಂದನ್ನು ಹಿಡಿದು ಎಳೆದಳು. ಸುಳಿ ಸಲೀಸಾಗಿ ಕಿತ್ತುಬಂತು. ಕಾಂಡ ಕೊರೆಯುವ ಹುಳ. ಗದ್ದೆಯ ಒಡತಿ, ಅವಳದೇ ವಯಸ್ಸಿನವಳು, ಹೌದೆಂದು ತಲೆಯಾಡಿಸಿ ಗುಡಿಸಲಿನಿಂದ ಬಾಟಲಿ ತಂದು ತೋರಿಸಿದಳು. ಅಷ್ಟರಲ್ಲಿ ನಜಮಾ, ವನ್ನಾ ಇಬ್ಬರೂ ಬಂದಿದ್ದರು.

"ಏನ್ ಬರದೈತಿ ಇದರ ಮ್ಯಾಲೆ?"

ವನ್ನಾ ತಿರುಗಿಸಿ ನೋಡಿದ. ಗಡಿಯಾಚೆಯಿಂದ ಬಂದ ಮಾಲು, ಬರೆದದ್ದು ಥಾಯ್ ಭಾಷೆಯಲ್ಲಿ. ಆ ಹೆಂಗಸಿಗೆ ಅದು ಬರುವುದಿಲ್ಲ, ವನ್ನಾನಿಗೂ ಬರುವುದಿಲ್ಲ. ಎಷ್ಟು ಹಾಕುತ್ತೀ ಎಂದು ಕೇಳಿಸಿದರು. ಅಂಗಡಿಯವನು ಒಂದು ಟ್ಯಾಂಕಿಗೆ ಎರಡು ಮುಚ್ಚಳ ಎಂದಿದ್ದ. ಹುಳ ಸಾಯಲಿಲ್ಲ, ಈಗ ನಾಲ್ಕು ಹಾಕುತ್ತೇನೆ ಎಂದಳು. ಅವಳ ಬೆರಳ ಸಂದಿಯ ಚರ್ಮ ಸುಲಿದಿತ್ತು.

ಬಾಟಲಿಯ ತಳದಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರದ ಒಂದು ಸಾಲಿತ್ತು. ಪಕೀರಮ್ಮ ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿದಳು. ನಲವತ್ತೆಂಟು ಭಾನುವಾರಗಳಲ್ಲಿ ಯಾವುದೋ ಒಂದು ಭಾನುವಾರ ನೆನಪಾಯಿತು. "ಹೆಕ್ಸಾಕೊನಜೋಲ್. ಇದು ರೋಗದ್ದು ನಜಮಾ, ಹುಳದ್ದಲ್ಲ."

ನಜಮಾ ನೋಡಿ ಹೌದೆಂದಳು. ನಾಲ್ಕು ಮುಚ್ಚಳವಲ್ಲ, ನಾಲ್ಕು ಕೊಡ ಸುರಿದರೂ ಹುಳಕ್ಕೆ ಸ್ನಾನವಾಗುತ್ತದೆ, ಅಷ್ಟೆ. ಪಕೀರಮ್ಮ ಬದುವಿನ ಮೇಲಿನಿಂದಲೇ ಶರಣಬಸವನನ್ನು ಕರೆದಳು. ಅವನು ಬೂಟಿಗೆ ಕೆಸರು ಹತ್ತದಷ್ಟು ದೂರದಲ್ಲಿ ನಿಂತು ವಿಷಯ ಕೇಳಿದ.

"ಮೇಡಂ, ಅದು ನಮ್ಮ ಕಂಪನಿದ್ದಲ್ರಿ. ನಮಗ್ಯಾಕ ಬೇಕು?"

ಇಬ್ಬರೂ ಹೆಂಗಸರೇ ವನ್ನಾನ ಮೂಲಕ ತಿಳಿಸಿ ಹೇಳಿದರು: ಇದನ್ನು ಹೊಡೆಯಬೇಡ, ಒಣಗಿದ ಸುಳಿ ಕಿತ್ತು ಹಾಕು, ಸಸಿಯ ತುದಿ ಚಿವುಟಿ ಹಚ್ಚು, ತುದಿಯಲ್ಲೇ ಹುಳದ ತತ್ತಿ ಇರುತ್ತದೆ, ಕೈಗೆ ಪ್ಲಾಸ್ಟಿಕ್ಕಾದರೂ ಕಟ್ಟಿಕೋ. ಆ ಹೆಂಗಸು ಎಲ್ಲ ಕೇಳಿ, ನಿನಗೆ ಇದೆಲ್ಲ ಹೇಗೆ ಗೊತ್ತು ಎಂದಳು.

"ನಂದೂ ಇಂಥದ್ದ ಅಂಗಡಿ ಐತಿ" ಎಂದಳು ಪಕೀರಮ್ಮ. ಹದಿನಾಲ್ಕು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಹೆಂಗಸು ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳು ಕೇಳಿದ್ದನ್ನು ವನ್ನಾ ಹೇಳಿದ, ವನ್ನಾ ಹೇಳಿದ್ದನ್ನು ನಜಮಾ ಹೇಳಿದಳು: "ನಿನ್ನ ಹತ್ರ ಕೊಳ್ಳೋ ಮಂದಿಗೆ ಬಾಟ್ಲಿ ಮ್ಯಾಲಿಂದು ಓದಾಕ ಬರತೈತೇನು ಅಂತ ಕೇಳಾಕತ್ತಾಳ್ರಿ."

ಪಕೀರಮ್ಮನಿಗೆ ಉತ್ತರ ಗೊತ್ತಿತ್ತು. ಕಾಲುವೆಯಲ್ಲಿ ಕಾಲು ತೊಳೆದುಕೊಂಡು ಬಸ್ಸು ಹತ್ತಿದಳು.

ಕೊನೆಯ ಸಂಜೆ ಹೋಟೆಲಿನಲ್ಲಿ ಸಮಾರಂಭ. ಎಲ್ಲರಿಗೂ ಶಾಲು, ಫಲಕ. ಪ್ರವಾಸದ ಅನುಭವ ಹೇಳಲು ಕರೆದಾಗ ಹಂಪಣ್ಣ ಹೋಟೆಲಿನ ಬೆಳಗಿನ ತಿಂಡಿಯ ಬಗ್ಗೆ ಗದ್ಗದಿತನಾಗಿ ಮಾತಾಡಿದ. ಮುಂಬೈಯ ಮೇಡಂ ಕಂಪ್ಯೂಟರ್ ಪರದೆಯ ಮೇಲೆ ಕಾಣಿಸಿಕೊಂಡು, ಮಹಿಳಾ ಉದ್ಯಮಿಗಳೂ ಎರಡು ಮಾತಾಡಬೇಕು ಎಂದರು. ಪಕೀರಮ್ಮ ಎದ್ದಳು. ಎರಡೇ ಮಾತಾಡಿದಳು.

"ನಮ್ಮ ಕಡೆ ಬೆಳಿಗೆ ಎಣ್ಣಿ ಹೊಡಿಯೋ ಮಂದಿಗೆ ಓದಾಕ ಬರಂಗಿಲ್ರಿ. ನೀವು ಬಾಟ್ಲಿ ಮ್ಯಾಲೆ ಕನ್ನಡ ಬರದೀರಿ, ಆದ್ರ ಅದನ್ನ ಓದಬೇಕಂದ್ರ ಹುಳಕ್ಕಿಂತ ಸಣ್ಣ ಕಣ್ಣು ಬೇಕು."

ಮೇಡಂ ಮುಂಬೈಯಲ್ಲಿ ಕೂತು ಚಪ್ಪಾಳೆ ತಟ್ಟಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಶರಣಬಸವ ಅದನ್ನು ಹಿಂದಿಗೆ ತಿರುಗಿಸಿ, "ಕಂಪನಿಗೆ ಕೃತಜ್ಞತೆ ಹೇಳ್ಯಾರ" ಎಂದ.

ಸಿಂಧನೂರಿಗೆ ಬಂದ ಮೂರನೆಯ ದಿನ ಮಾಸ್ತರು ಸನ್ಮಾನ ಇಟ್ಟುಕೊಂಡಿದ್ದರು. ವೇದಿಕೆಯ ಮೇಲೆ ಪಕೀರಮ್ಮನಿಗೆ ಹಾರ ಹಾಕಿದ ಮೇಲೆ ಕಾಂಬೋಡಿಯದ ಬಗ್ಗೆ ಮುಕ್ಕಾಲು ತಾಸು ಮಾತಾಡಿದವರು ಪಂಪಾಪತಿ ಮಾಸ್ತರು. ಇಂಟರ್‌ನೆಟ್ ನೋಡಿ ಟಿಪ್ಪಣಿ ಮಾಡಿಕೊಂಡಿದ್ದರು. ಅಂಕೋರಿನ ಉದ್ದಗಲ, ರಾಜವಂಶಗಳ ಹೆಸರು, ವಾರ್ಷಿಕ ಮಳೆ, ಎಲ್ಲ ಕರಾರುವಾಕ್ಕಾಗಿತ್ತು. "ಆ ಶಿಲ್ಪಗಳನ್ನು ನೋಡಿದಾಗ ಮೈ ನವಿರೇಳುತ್ತದೆ" ಎಂದು ಕಣ್ಣು ಮುಚ್ಚಿ ಹೇಳಿದರು. ಹೋಗಿಬಂದವಳು ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡಳು. ಜನ ಎದ್ದು ಹೋಗುವಾಗ, ಮಾಸ್ತರಿಗೆ ಅಲ್ಲಿಯ ಹವಾ ಚೆನ್ನಾಗಿ ಒಗ್ಗಿದಂತಿದೆ, ಮುಖದಲ್ಲಿ ಕಳೆ ಬಂದಿದೆ ಎಂದರು.

ಮರುದಿನ ಮುಂಜಾನೆ ಮಾಸ್ತರು ಶಾಲೆಗೆ ಹೊರಟಾಗ ಪಕೀರಮ್ಮ ಅಂಗಡಿಯ ಕೀಲಿ ಕೇಳಿದಳು.

"ಯಾಕ?"

"ನನ್ನ ಅಂಗಡಿ ಕೀಲಿ. ನಿಮಗ್ಯಾಕ ಬೇಕು ಅದು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮಾಸ್ತರಿಗೆ ಶಾಲೆಗೆ ಹೊತ್ತಾಗಿತ್ತು, ಅಥವಾ ಹಾಗೆಂದು ಹೇಳಿಕೊಂಡರು. ಕೀಲಿ ಕೊಟ್ಟರು.

ಅವಳು ಮೊದಲು ಮಾಡಿದ ಕೆಲಸ ಕಪ್ಪು ಮಾರ್ಕರ್ ಪೆನ್ನು, ಬಿಳಿ ಪಟ್ಟಿ ಕೊಂಡದ್ದು. ಪ್ರತಿ ಬಾಟಲಿಯ ಹೊಟ್ಟೆಗೆ ಪಟ್ಟಿ ಹಚ್ಚಿ ದೊಡ್ಡದಾಗಿ ಕನ್ನಡದಲ್ಲಿ ಬರೆದಳು: ಹುಳದ್ದು, ರೋಗದ್ದು, ಕಳೆಯದ್ದು. ಅಕ್ಷರ ಬಾರದವರಿಗೆ ಹುಳದ ಚಿತ್ರ. ಒಂದು ಟ್ಯಾಂಕಿಗೆ ಎಷ್ಟು ಮುಚ್ಚಳವೋ ಅಷ್ಟು ಗೀಟು. ಬಂದವರಿಗೆ ಬೆಳೆಯ ಒಂದು ಕಡ್ಡಿ ಕಿತ್ತು ತರಲು ಹೇಳಿದಳು. ನೋಡಿ, ಅರ್ಧ ಮಂದಿಗೆ, "ಇದಕ್ಕ ಏನೂ ಹೊಡಿಬ್ಯಾಡ್ರಿ, ಎಂಟ ದಿನ ತಡದು ಬರ್ರಿ" ಎಂದಳು. ಔಷಧಿ ಅಂಗಡಿಯಲ್ಲಿ ಔಷಧಿ ಬೇಡವೆನ್ನುವುದನ್ನು ಸಿಂಧನೂರು ಅಲ್ಲಿಯವರೆಗೆ ಕೇಳಿರಲಿಲ್ಲ. ಒಬ್ಬ ರೈತನಂತೂ ಎದ್ದು ನೇರ ಎದುರಿನ ಅಂಗಡಿಗೆ ಹೋಗಿ, ಮೂರು ಬಾಟಲಿ ಕೊಂಡು, ಅವಳಿಗೆ ಕಾಣುವಂತೆ ಎತ್ತಿ ಹಿಡಿದುಕೊಂಡು ಹೋದ. ಮಾಸ್ತರು ಸಂಜೆ ಬಂದು ಖಾಲಿ ಕುರ್ಚಿಗಳನ್ನು ನೋಡಿ, ವಿದೇಶಕ್ಕೆ ಹೋಗಿಬಂದ ಮೇಲೆ ಕೆಲವರ ತಲೆ ತಿರುಗುತ್ತದೆಂದು ತಾವು ಕೇಳಿದ್ದುಂಟು ಎಂದರು. ಶರಣಬಸವ ಎರಡು ತಿಂಗಳು ಬಂದ, ಆಮೇಲೆ ಅವನ ಬೈಕು ಅಲ್ಲಿ ನಿಲ್ಲುವುದನ್ನು ಬಿಟ್ಟಿತು.

ಆದರೆ ಎಂಟು ದಿನ ತಡೆದು ಬರುವವರು ಕೆಲವರು ಇದ್ದೇ ಇದ್ದರು. ಅಂಗಡಿ ಮುಚ್ಚಲಿಲ್ಲ, ಮೆರೆಯಲೂ ಇಲ್ಲ. ವಾರಕ್ಕೊಮ್ಮೆ ನಜಮಾ ಲಿಂಗಸುಗೂರಿನಿಂದ ಫೋನ್ ಮಾಡಿ ಯಾವ ಹುಳ ಯಾವ ಕಡೆ ಹೊರಟಿದೆ ಎಂದು ಹೇಳುತ್ತಾಳೆ, ಇವಳೂ ಹೇಳುತ್ತಾಳೆ.

ಕಾಂಬೋಡಿಯ ಹೇಗಿತ್ತು ಎಂದು ಪಕೀರಮ್ಮನನ್ನು ಬೀಗರು, ನೆರೆಯವರು, ಮಾಸ್ತರ ಗೆಳೆಯರು ಎಲ್ಲ ಕೇಳಿದ್ದಾರೆ. ಅಲ್ಲಿ ಹಾವು ತಿನ್ನುತ್ತಾರಂತಲ್ಲ, ಖರೇನಾ? ಬಂಗಾರ ಅಗ್ಗವಾ? ಇಷ್ಟು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಾರೆ.

ಪೂರ್ತಿ ಕೇಳಿದವರು ಆರ್.ಎಚ್. ಕ್ಯಾಂಪಿನ, ಹಿಂದೆ ಗಡಿಯಾಚೆಯಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಮನೆತನಗಳ ಬಂಗಾಲಿ ಹೆಂಗಸರು. ನಾಟಿಗೆ ಹೋಗುವ ನಾಲ್ಕೈದು ಮಂದಿ ಬೆಳಿಗ್ಗೆ ಟಂಟಂ ಆಟೋ ಬರುವವರೆಗೆ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾರೆ. ಅವರು ಕೇಳಿದ ಪ್ರಶ್ನೆಗಳೇ ಬೇರೆ. ಸಸಿ ಎಷ್ಟು ದಿನದ್ದು ಹಚ್ಚುತ್ತಾರೆ, ಒಂದು ಗುಣಿಗೆ ಎಷ್ಟು ಕಡ್ಡಿ, ಹಗ್ಗ ಹಿಡಿಯುತ್ತಾರೋ ಕಣ್ಣಳತೆಯೋ, ಮಧ್ಯಾಹ್ನಕ್ಕೆ ಏನು ತಿನ್ನುತ್ತಾರೆ. ಪಕೀರಮ್ಮ ಕಟ್ಟೆಯ ಧೂಳಿನಲ್ಲಿ ಬೆರಳಿನಿಂದ ಸಾಲು ಬರೆದು ತೋರಿಸುತ್ತಾಳೆ. ಅವರಲ್ಲಿ ಹಿರಿಯಳೊಬ್ಬಳು ಒಂದು ದಿನ ಬಹಳ ಹೊತ್ತು ಆ ಸಾಲುಗಳನ್ನೇ ನೋಡಿ, ತನ್ನ ಹರಕು ಕನ್ನಡದಲ್ಲಿ ಕೇಳಿದಳು, "ಅಲ್ಲಿ ಗದ್ದೆಯಾಗ ಜಿಗಣೆ ಐತೇನಮ್ಮ? ನಮ್ಮ ಅಮ್ಮ ಹೇಳ್ತಿದ್ದಳು, ನಮ್ಮ ಹಳೆ ದೇಶದಾಗ, ನಮ್ಮ ಹಳೆ ಊರಾಗ, ಕಾಲಿಗೆ ಹತ್ತತಿದ್ವಂತ."

"ನನ್ನ ಕಾಲಿಗೇನೋ ಹತ್ತಲಿಲ್ಲ" ಎಂದಳು ಪಕೀರಮ್ಮ. "ಆದ್ರ ನಾ ಇದ್ದದ್ದು ಎರಡು ಸಾಲಿನಷ್ಟು ಹೊತ್ತವ್ವ. ಮುಂದಿನ ಸಲ ಹ್ವಾದ್ರ ಕೇಳಕೊಂಡು ಬರತೀನಿ."